ನಲವತ್ತೇಳನೆಯ ಕಲ್ಲು

ನಮ್ಮೂರಲ್ಲಿ ಕೂಸು ಹುಟ್ಟಿದ ಮರುದಿನ ಬೆಳಿಗ್ಗೆ ಆ ಮನೆಯವರು ಅಂಗಳ ಗುಡಿಸುವುದಿಲ್ಲ. ಕೋಳಿಗಳನ್ನು ಬುಟ್ಟಿಯಡಿ ಮುಚ್ಚುತ್ತಾರೆ, ಆಡನ್ನು ಹಿತ್ತಲಲ್ಲಿ ಕಟ್ಟುತ್ತಾರೆ, ಓಣಿಯ ಮಕ್ಕಳನ್ನು ಗದರಿಸಿ ಆಚೆ ಕಳಿಸುತ್ತಾರೆ. ಆಮೇಲೆ ನನ್ನನ್ನು ಕರೆಯಲು ಬರುತ್ತಿದ್ದರು. ನಾನು ಹೋಗಿ ರಾತ್ರಿ ಹೊಸ್ತಿಲ ಮುಂದೆ ತಾವಾಗಿಯೇ ಬಿದ್ದ ಕಲ್ಲುಗಳನ್ನು ಎಣಿಸುತ್ತಿದ್ದೆ. ಇಪ್ಪತ್ತಮೂರು ಕೆಂಪು, ಇಪ್ಪತ್ತಮೂರು ಕರಿ. ಕೆಂಪು ತಾಯಿಯ ಕಡೆಯವು, ಕರಿ ತಂದೆಯ ಕಡೆಯವು. ದೊಡ್ಡವು ನೆಲ್ಲಿಕಾಯಿಯಷ್ಟು, ಸಣ್ಣವು ಹೆಸರುಕಾಳಿನಷ್ಟು. ದೊಡ್ಡದರ ಪಕ್ಕ ದೊಡ್ಡದು, ಸಣ್ಣದರ ಪಕ್ಕ ಸಣ್ಣದು ಇಡುತ್ತ ಬಂದರೆ ಇಪ್ಪತ್ತಮೂರು ಜೋಡಿ. ಗಂಡುಕೂಸಾದರೆ ಕೊನೆಗೆ ಉಳಿಯುವ ಜೋಡಿಯಲ್ಲಿ ಕರಿ ಕಲ್ಲು ಕೆಂಪಿನ ಮುಂದೆ ಕುಳ್ಳಗೆ ಕೂತಿರುತ್ತದೆ. ಇದನ್ನು ಗಂಡಸರಿಗೆ ತೋರಿಸಿ ನಗುವುದು ನಮ್ಮೂರ ಹೆಂಗಸರ ಹಳೆಯ ಚಾಳಿ.

ಎಣಿಕೆ ಮುಗಿದ ಮೇಲೆ ನಾನು ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ ‘ಜೋಡಿ ಸರಿ’ ಎಂದು ಮೂರು ಸಲ ಕೂಗಬೇಕು. ಕೂಗಿದ ಮೇಲೆಯೇ ಬಂದವರಿಗೆ ಬೆಲ್ಲ, ಕೂಸಿಗೆ ಹೆಸರು. ಗೌಂಡಿ ಬಂದು ಬಾಗಿಲ ಪಕ್ಕದ ಗೋಡೆಯಲ್ಲಿ ಆ ಕಲ್ಲುಗಳನ್ನು ಎರಡು ಸಾಲಾಗಿ ಕೂರಿಸಿ ಹೋಗುತ್ತಾನೆ. ಹುಡುಗಿಯ ಮದುವೆಯಾದರೆ ಅವಳ ಸಾಲನ್ನು ಕಿತ್ತು ಅರಿವೆಯಲ್ಲಿ ಕಟ್ಟಿ ಗಂಡನ ಮನೆಗೆ ಕಳಿಸುತ್ತಾರೆ. ಕಲ್ಲು ಎಲ್ಲಿಂದ ಬರುತ್ತವೆ ಎಂದು ಹೊರಗಿನವರು ಕೇಳುತ್ತಾರೆ. ಕೂಸು ಎಲ್ಲಿಂದ ಬಂತು ಎಂದು ನಾವೇನೂ ಅವರನ್ನು ಕೇಳಲು ಹೋಗಿಲ್ಲ.

ನನ್ನ ಹೆಸರು ನೀಲವ್ವ. ಊರವರ ಬಾಯಲ್ಲಿ ಎಣಿಕೆ ನೀಲವ್ವ. ನನಗಿಂತ ಮೊದಲು ನನ್ನವ್ವ, ಅವಳಿಗಿಂತ ಮೊದಲು ಅವಳ ಅತ್ತೆ ಈ ಕೆಲಸ ಮಾಡಿದವರು. ನಮ್ಮ ಮನೆಯ ಎಣಿಕೆ ತಪ್ಪಿತು ಎಂದು ಯಾರೂ ಬೆರಳು ತೋರಿಸಿರಲಿಲ್ಲ. ಅದರ ಜಂಬ ನನಗೆ ಬೇಕಾದಷ್ಟಿತ್ತು, ಸುಳ್ಳೇಕೆ ಹೇಳಲಿ. ಅವ್ವ ಎಲ್ಲ ಕಲಿಸಿದ್ದಳು. ಕೋಳಿ ನುಂಗಿದ ಕಲ್ಲನ್ನು ಹೇಗೆ ಹೊರಡಿಸಬೇಕು, ಅವಳಿಜವಳಿ ಹುಟ್ಟಿದರೆ ಎರಡು ಗುಂಪು ಹೇಗೆ ಬಿಡಿಸಬೇಕು, ಎಲ್ಲ. ಒಂದು ಕಲ್ಲು ಹೆಚ್ಚಾದರೆ ಏನು ಮಾಡಬೇಕು ಎಂದು ಮಾತ್ರ ಕಲಿಸಿರಲಿಲ್ಲ. ಕೇಳಿದ್ದಕ್ಕೆ, ‘ಹೆಚ್ಚು ಬೀಳಂಗಿಲ್ಲ, ಸುಮ್ನ ಎಣಸು’ ಅಂದಿದ್ದಳು. ಊರಲ್ಲಿ ಮಾತ್ರ ಒಂದು ಮಾತಿತ್ತು: ಹೆಚ್ಚಿನ ಕಲ್ಲು ಬಿದ್ದರೆ ಹೆತ್ತವಳು ಯಾರದೋ ಕದ್ದು ತಂದಿದ್ದಾಳೆ ಅಂತ. ಊರ ಬಾಯಿಗೆ ಮುಚ್ಚಳ ಹುಡುಕಿದವರು ಯಾರಿದ್ದಾರೆ?

ಹಗ್ಗ ಹೊಸೆಯುವ ಶಂಕ್ರಪ್ಪನ ಹೆಂಡತಿ ಇಂದ್ರವ್ವ ಚೊಚ್ಚಲು ಹೆತ್ತಳು. ಹೆಣ್ಣುಕೂಸು. ಬೆಳಿಗ್ಗೆ ನಾನು ಹೋದಾಗ ಅತ್ತೆ ತಂಗೆವ್ವ ಬೆಲ್ಲ ಒಡೆಯಲು ಒಳಗೆ ಹೋಗಿದ್ದಳು, ಶಂಕ್ರಪ್ಪ ಗೌಂಡಿಯನ್ನು ಕರೆಯಲು ಹೋಗಿದ್ದ. ಅಂಗಳದಲ್ಲಿ ನಾನೊಬ್ಬಳೇ. ಕುಕ್ಕರಗಾಲಲ್ಲಿ ಕೂತು ಜೋಡಿಸುತ್ತ ಬಂದೆ. ಇಪ್ಪತ್ತು ಜೋಡಿ ಸಲೀಸಾಗಿ ಕೂತವು. ಇಪ್ಪತ್ತೊಂದನೆಯದಕ್ಕೆ ಒಂದು ಕರಿ, ಎರಡು ಕೆಂಪು. ಮೂರೂ ಒಂದೇ ಅಳತೆ, ಹೆಸರುಕಾಳಿನಷ್ಟು. ಕೆಡಿಸಿ ಮತ್ತೆ ಎಣಿಸಿದೆ. ಮತ್ತೆ ಎಣಿಸಿದೆ. ಮೂರು ಸಲವೂ ನಲವತ್ತೇಳು.

ಒಳಗಿನಿಂದ ತಂಗೆವ್ವ, ‘ಆತೇನ ನೀಲವ್ವ?’ ಅಂದಳು. ನಾನು ಆ ಒಂದು ಸಣ್ಣ ಕೆಂಪು ಕಲ್ಲನ್ನು ಎತ್ತಿ ನನ್ನ ಎಲೆಅಡಿಕೆಯ ಸಂಚಿಗೆ ಹಾಕಿದೆ. ಎದ್ದು ನಿಂತು ‘ಜೋಡಿ ಸರಿ’ ಎಂದು ಮೂರು ಸಲ ಕೂಗಿದೆ. ಇಂದ್ರವ್ವನ ಮೇಲೆ ಕಳ್ಳತನದ ಮಾತು ಬಾರದಿರಲಿ ಎಂದು ಹಾಗೆ ಮಾಡಿದೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ನನ್ನ ಮನೆತನದ ಎಣಿಕೆಯ ಹೆಸರು. ಬೆಲ್ಲ ತಿಂದು ಮನೆಗೆ ಬಂದೆ.

ಕೂಸಿಗೆ ಸಾವಂತ್ರಿ ಎಂದು ಹೆಸರಿಟ್ಟರು. ಕೂಸು ನಾದಿದ ಹಿಟ್ಟಿನಂತೆ ಮೆತ್ತಗಿತ್ತು. ಎತ್ತಿಕೊಂಡವರ ಕೈಯಿಂದ ಜಾರಿ ಹೋಗುವಂತಿತ್ತಂತೆ. ಮೊಲೆ ಚೀಪಲು ಬಲವಿಲ್ಲ, ನಾಲ್ಕು ಗುಟುಕಿಗೆ ದಣಿದು ಮಲಗುತ್ತಿತ್ತು. ನಾಲಗೆಯ ತುದಿ ಯಾವಾಗಲೂ ತುಟಿಯ ಮೇಲೆ. ಓಣಿಯ ಬೇರೆ ಮಕ್ಕಳು ಐದಾರು ತಿಂಗಳಿಗೆ ಬೋರಲಾದರೆ ಇದು ಹತ್ತಕ್ಕೆ ಆಯಿತು. ಒಂದೂಕಾಲು ವರ್ಷಕ್ಕೆ ಕೂತಿತು. ಊರು ಸುಮ್ಮನಿರುತ್ತದೆಯೇ? ಜೋಡಿ ಸರಿ ಇದ್ದ ಕೂಸು ಹೀಗಾಯಿತು ಅಂದಮೇಲೆ ಹುಟ್ಟಿನಲ್ಲಿ ದೋಷವಿಲ್ಲ. ಹುಟ್ಟಿನಲ್ಲಿ ಇಲ್ಲದಿದ್ದರೆ ದೋಷ ಸಾಕಿದವಳ ಕೈಯಲ್ಲಿ. ಯಾವ ಮಾತಿನಿಂದ ಅವಳನ್ನು ಉಳಿಸಿದೆ ಅಂದುಕೊಂಡಿದ್ದೆನೋ ಅದಕ್ಕಿಂತ ಕೆಟ್ಟ ಮಾತಿನ ಬಾಯಿಗೆ ಅವಳನ್ನು ನಾನೇ ತಳ್ಳಿದ್ದೆ.

ಇಂದ್ರವ್ವನೂ ಊರಿನ ಮಾತನ್ನೇ ನಂಬಿದಳು. ನೀರಿಗೆ ಬಂದಾಗಲೆಲ್ಲ ನನ್ನ ಪಕ್ಕ ನಿಂತು ಕೇಳುತ್ತಿದ್ದಳು.

‘ದೊಡ್ಡವ್ವ, ಏಳನೇ ತಿಂಗಳದಾಗ ಒಂದ ದಿನ ಬಾವಿಕಟ್ಟಿ ಮ್ಯಾಲ ಕುಂತಿದ್ದೆ. ಅದಕ್ಕ ಹಿಂಗಾತೇನು?’

‘ಇಲ್ಲವಾ.’

‘ಗ್ರಹಣದ ದಿನ ಸೌತಿಕಾಯಿ ಹೆಚ್ಚಿದ್ದೆ. ಅತ್ತಿ ಬ್ಯಾಡಂದಿದ್ಳು.’

‘ಸೌತಿಕಾಯಿಂದ ಏನಾಕ್ಕೈತಿ, ಸುಮ್ನಿರು.’

‘ಹಂಗಾದ್ರ ಹಾಲಿಂದು. ನನ್ನ ಹಾಲಿನಾಗ ಏನೋ ಐತಿ.’

ಹೀಗೆ ಅವಳು ತಾನು ತಿಂದದ್ದು, ಕುಡಿದದ್ದು, ಕೂತದ್ದು, ಮಲಗಿದ್ದು ಒಂದೊಂದನ್ನೇ ತಂದು ನನ್ನ ಮುಂದೆ ಇಡುವಳು. ನಾನು ಅಲ್ಲ ಅಲ್ಲ ಅನ್ನುವೆ. ಹಾಗಾದರೆ ಯಾವುದು ಎಂದು ಅವಳು ಕೇಳಿದರೆ ಕೊಡ ಎತ್ತಿಕೊಂಡು ಹೊರಡುವೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ಸೊಂಟದ ಸಂಚಿಗೆ ಹೋಗಿರುತ್ತಿತ್ತು.

ಕೂಸಿಗೆ ಒಂದೂವರೆ ವರ್ಷವಾದಾಗ ಸರ್ಕಾರಿ ಆಸ್ಪತ್ರೆಗೆ ಹೊಸ ಡಾಕ್ಟರು ಬಂದರು. ಮೆಹರುನ್ನಿಸಾ ಅಂತ, ಹೊರಗಿನವರು, ಮಾತು ಕಡಿಮೆ. ಇಂದ್ರವ್ವ ಕೂಸಿನ ಕೆಮ್ಮಿಗೆಂದು ಹೋದಾಗ ತಂಗೆವ್ವನೂ ಜೊತೆಗಿದ್ದಳು, ಮಂಡಿನೋವಿನ ಮಾತ್ರೆಗೆಂದು ಹೋದ ನಾನೂ ಅಲ್ಲಿದ್ದೆ. ಡಾಕ್ಟರು ಕೆಮ್ಮು ನೋಡುವುದು ಬಿಟ್ಟು ಕೂಸಿನ ಮುಖ ನೋಡಿದರು. ಮೇಲ್ಮುಖವಾಗಿ ಓರೆಯಾದ ಕಣ್ಣು, ಚಪ್ಪಟೆ ಮೂಗಿನ ಬುಡ, ಪುಟ್ಟ ಕಿವಿ ನೋಡಿದರು. ಅಂಗೈ ಬಿಡಿಸಿದರೆ ಅಡ್ಡಕ್ಕೆ ಒಂದೇ ಗೆರೆ. ಕಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಅಗಲ ಸಂದು.

‘ಕಲ್ಲು ಎಷ್ಟಿದ್ದವು?’ ಎಂದು ಕೇಳಿದರು. ಬಂದು ತಿಂಗಳಾಗಿರಲಿಲ್ಲ, ಆಗಲೇ ನಮ್ಮೂರ ರೀತಿ ತಿಳಿದುಕೊಂಡಿದ್ದರು.

‘ನಲವತ್ತಾರ್ರಿ. ಜೋಡಿ ಸರಿ ಇದ್ದವು,’ ಅಂದಳು ತಂಗೆವ್ವ. ‘ಇಕೀನ ಎಣಿಸಿದಾಕಿ.’

ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ. ಅವರು ಕೊಳವೆ ಹಚ್ಚಿ ಕೂಸಿನ ಎದೆಯನ್ನು ಬಹಳ ಹೊತ್ತು ಕೇಳಿದರು. ‘ನನ್ನ ಕಣ್ಣಿಗೆ ಒಂದು ಕಾಣಸ್ತದ, ನಿಮ್ಮ ಲೆಕ್ಕ ಇನ್ನೊಂದು ಹೇಳ್ತದ. ರಕ್ತ ಪರೀಕ್ಷೆಗೆ ಕಳಸೋಣ’ ಅಂದರು. ‘ಜೋಡಿ ಸರಿ ಅಂದಮ್ಯಾಲ ಕೂಸಿನ ರಕ್ತ ಯಾಕ ತೆಗೀಬೇಕ್ರಿ?’ ಎಂದು ತಂಗೆವ್ವ ಕೂಸನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಮಾತ್ರೆ ತೆಗೆದುಕೊಂಡು ಬಂದೆ.

ಸಾವಂತ್ರಿ ಎರಡೂವರೆಗೆ ಹೆಜ್ಜೆ ಇಟ್ಟಳು. ಮೂರು ತುಂಬಿದಾಗ ಎರಡು ಮಾತು ಬರುತ್ತಿದ್ದವು, ಅದೂ ತಾಯಿಗೆ ಮಾತ್ರ ತಿಳಿಯುವಂತೆ. ನಮ್ಮೂರಲ್ಲಿ ಕೈ ಬದಲು ಎಂಬ ರೂಢಿ ಇದೆ. ಜೋಡಿ ಸರಿ ಇದ್ದೂ ಮೂರು ವರ್ಷಕ್ಕೆ ನಡೆನುಡಿ ಹದಕ್ಕೆ ಬಾರದ ಕೂಸನ್ನು ತಾಯಿಯ ಕೈಯಿಂದ ಬಿಡಿಸಿ ಬೇರೆಯವಳ ಕೈಗೆ ಕೊಡುವುದು. ತಾಯಿ ಆಮೇಲೆ ಏಳು ವರ್ಷ ಆ ಕೂಸನ್ನು ಮುಟ್ಟುವಂತಿಲ್ಲ. ಹಿಂದೆ ಹೀಗೆ ಹೋದ ಮಕ್ಕಳಲ್ಲಿ ಕೆಲವು ಚುರುಕಾದವು, ಕೆಲವು ಆಗಲಿಲ್ಲ. ಆದವುಗಳ ಕಥೆಯನ್ನಷ್ಟೇ ಊರು ನೆನಪಿಟ್ಟುಕೊಂಡಿತ್ತು. ಸಾವಂತ್ರಿಯನ್ನು ಶಂಕ್ರಪ್ಪನ ಅಕ್ಕ ಫಕೀರವ್ವನಿಗೆ ಕೊಡುವುದೆಂದು ತಂಗೆವ್ವ ನಿಶ್ಚಯ ಮಾಡಿದಳು. ಫಕೀರವ್ವ ಮೂರು ಮಕ್ಕಳನ್ನು ಬೆಳೆಸಿದವಳು, ಮೇಲಿನ ಓಣಿಯಲ್ಲಿರುವವಳು, ಕೆಟ್ಟವಳಲ್ಲ. ಶಂಕ್ರಪ್ಪ ಎರಡು ದಿನ ಉಣ್ಣಲಿಲ್ಲ, ಆದರೆ ತಾಯಿಗೆ ಬೇಡ ಅನ್ನಲೂ ಇಲ್ಲ.

ಕೈ ಬದಲಿನ ದಿನ ಎಣಿಸಿದವಳು ಬಂದು, ಹೊಸ್ತಿಲಲ್ಲಿ ನಿಂತು ಮತ್ತೊಮ್ಮೆ ಮೂರು ಸಲ ‘ಜೋಡಿ ಸರಿ’ ಎಂದು ಕೂಗಬೇಕು. ಆ ಕೂಗಾದ ಮೇಲೆಯೇ ಕೂಸು ಕೈ ಬದಲಾಗುವುದು. ನನಗೆ ಹೇಳಿಕಳಿಸಿದರು. ಜ್ವರವೆಂದು ಮಲಗಿಬಿಡಲೇ ಅನ್ನಿಸಿತು. ಮಲಗಿದರೆ ಮರುದಿನ ಕರೆಯುತ್ತಾರೆ. ಹೋದೆ.

ಒಂಬತ್ತು ಗಂಟೆಯ ಬಿಸಿಲು. ಓಣಿಯವರು ಹತ್ತಿಪ್ಪತ್ತು ಮಂದಿ ನಿಂತಿದ್ದರು. ಇಂದ್ರವ್ವ ಕೂಸಿನ ಅಂಗಿ, ಕುಂಚಿಗೆ, ಹಿತ್ತಾಳೆಯ ಬಟ್ಟಲು, ಚಮಚ ಎಲ್ಲ ಒಂದು ಗಂಟಿನಲ್ಲಿ ಕಟ್ಟಿ ಫಕೀರವ್ವನ ಮುಂದೆ ಇಟ್ಟು ಹೇಳುತ್ತಿದ್ದಳು. ಅಳುತ್ತಿರಲಿಲ್ಲ. ಯಾವುದನ್ನೂ ಮರೆಯಬಾರದು ಎಂಬ ಅವಸರ ಅವಳಿಗೆ.

‘ಗಂಜಿ ತೆಳ್ಳಗ ಮಾಡಬ್ಯಾಡ್ರಿ ಅಕ್ಕಾರ, ನೆತ್ತಿಗೇರತೈತಿ. ಚಮಚಾ ನಾಲಿಗಿ ಮ್ಯಾಲ ಸ್ವಲ್ಪ ಒತ್ತಿ ಹಿಡೀರಿ, ಆಗ ತುಟಿ ಮುಚ್ಚತಾಳ. ಎತ್ತೂವಾಗ ರಟ್ಟಿ ಹಿಡದು ಎಳೀಬ್ಯಾಡ್ರಿ, ಕೀಲು ಸಡ್ಲ ಅದಾವ, ಬಗಲಾಗ ಕೈ ಕೊಟ್ಟು ಎತ್ರಿ. ಏನರ ಕಲಸಬೇಕಂದ್ರ ನಲವತ್ತು ಸಲ ತೋರಸ್ರಿ. ನಲವತ್ತೊಂದನೇ ಸಲ ತಾನ ಮಾಡತಾಳ. ಮೂವತ್ತನೇ ಸಲಕ್ಕ ಸಿಟ್ಟಿಗೇಳಬ್ಯಾಡ್ರಿ. ಸಿಟ್ಟು ಬಂದ್ರ ಹೊರಗ ಹೋಗಿ ನಿಂತು ಬರ್ರಿ, ನಾ ಹಂಗ ಮಾಡತಿದ್ದೆ.’

ಫಕೀರವ್ವ ಹೂಂ ಹೂಂ ಅನ್ನುತ್ತಿದ್ದಳು, ಅವಳ ಮುಖದಲ್ಲಿ ಗಾಬರಿ ಇತ್ತು. ನಾನು ಹೊಸ್ತಿಲಲ್ಲಿ ನಿಂತು ‘ಜೋಡಿ ಸರಿ’ ಎಂದು ಕೂಗಿದೆ. ಮತ್ತೊಮ್ಮೆ ಕೂಗಿದೆ. ಇಂದ್ರವ್ವ ಮಾತು ನಿಲ್ಲಿಸಿ, ನನ್ನ ಮೂರನೆಯ ಕೂಗಿಗೆ ಕಾಯುತ್ತ, ಕೂಸಿನ ಬಾಯಿಯ ಜೊಲ್ಲನ್ನು ಸೆರಗಿನಿಂದ ಒರೆಸಿದಳು. ಕೂಸು ಅವಳ ಹೆಬ್ಬೆರಳು ಹಿಡಿದುಕೊಂಡಿತು. ಆ ಕೂಸನ್ನು ಹೇಗೆ ನೋಡಿಕೊಳ್ಳಬೇಕೆಂದು ಇಡೀ ಊರಲ್ಲಿ ಇಂದ್ರವ್ವ ಒಬ್ಬಳಿಗೇ ಗೊತ್ತು, ಅವಳ ಕೈಯೇ ಕೆಟ್ಟದ್ದು ಎಂದು ಈಗ ನಾನು ಕೂಗಬೇಕಾಗಿತ್ತು.

‘ಜೋಡಿ ಸರಿ ಇದ್ದಿಲ್ಲ,’ ಅಂದೆ.

ಯಾರಿಗೂ ಮೊದಲು ತಿಳಿಯಲಿಲ್ಲ. ಸಂಚಿ ಬಿಚ್ಚಿ ಅಡಿಕೆಯ ನಡುವಿನಿಂದ ಕಲ್ಲು ತೆಗೆದು ಅಂಗೈಯಲ್ಲಿಟ್ಟು ತೋರಿಸಿದೆ. ‘ಅವತ್ತ ಮೂರು ಸಲ ಎಣಿಸಿದೆ, ನಲವತ್ತೇಳಿದ್ದವು. ಇದೊಂದ ನಾ ಮುಚ್ಚಿಟ್ಟೆ. ಇಂದ್ರವ್ವ ಏನೂ ಮಾಡಿಲ್ಲ. ಕೂಸು ಹುಟ್ಟಿದ್ದ ಹಿಂಗ.’

ತಂಗೆವ್ವ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಬೈಸಿಕೊಂಡೆ. ಶಂಕ್ರಪ್ಪ ಆಸ್ಪತ್ರೆಗೆ ಓಡಿದ. ಡಾಕ್ಟರು ಬಂದರು. ಕಲ್ಲನ್ನು ತೆಗೆದುಕೊಂಡು ಗೋಡೆಯ ಹತ್ತಿರ ಹೋಗಿ ಇಪ್ಪತ್ತೊಂದನೆಯ ಜೋಡಿಗೆ ಹಿಡಿದು ನೋಡಿದರು. ‘ಇದೇ,’ ಅಂದರು. ‘ಇದಕ್ಕ ಡೌನ್ ಸಿಂಡ್ರೋಮ್ ಅಂತಾರ. ಹೊರಗಿನ ಊರಾಗ ಇದು ಕಣ್ಣಿಗೆ ಕಾಣೂದಿಲ್ಲ. ರಕ್ತ ತೆಗೆದು, ಸಣ್ಣದನ್ನ ದೊಡ್ಡದಾಗಿ ತೋರಿಸೂ ಯಂತ್ರದ ಕೆಳಗ ಇಟ್ಟು ಎಣಿಸಬೇಕು, ಈ ಕಲ್ಲಿಗೆ ಅಲ್ಲಿ ಕ್ರೋಮೋಸೋಮ್ ಅಂತಾರ. ನಿಮ್ಮೂರಾಗ ಅಂಗಳದಾಗ ಬಿದ್ದಿರ್ತದ, ನೀವು ಮುಚ್ಚಿಡ್ತೀರಿ.’ ಆ ಕಡೆಯ ಮಾತನ್ನು ನನ್ನ ಕಡೆ ನೋಡಿ ಅಂದರು.

‘ಕೆಂಪ ಕಲ್ಲಲ್ಲೇನ್ರೀ ಅದು,’ ಅಂದಳು ತಂಗೆವ್ವ. ‘ಅಂದ್ರ ಅಕೀ ಕಡೇದ ಆತಲ್ಲ. ಅಕೀ ಏನೋ ಮಾಡಿರಬೇಕು.’

‘ಅಜ್ಜಿ, ಊಟಕ್ಕ ಬಡಿಸೂವಾಗ ಎರಡು ಚಪಾತಿ ಅಂಟಿಕೊಂಡು ಒಂದ ತಾಟಿಗೆ ಬೀಳ್ತಾವಲ್ಲ?’ ಅಂದರು ಡಾಕ್ಟರು.

‘ಬಡಿಸಿದಾಕಿ ನೋಡ್ಕೋಬೇಕು.’

‘ಇಲ್ಲಿ ಬಡಿಸಾಕಿ ಯಾರೂ ಇಲ್ಲ. ಜೋಡಿ ಬಿಡಿಸಿ ಪಾಲು ಮಾಡೂ ಕೆಲಸ ಒಳಗ ತಾನ ನಡೀತದ. ಒಮ್ಮೊಮ್ಮೆ ಒಂದು ಜೋಡಿ ಬಿಡೂದಿಲ್ಲ, ಎರಡೂ ಒಂದ ಕಡೆ ಹೋಗ್ತಾವು. ತಾಯಿ ಕಡೆ ಹೆಚ್ಚು, ತಂದಿ ಕಡೇನೂ ಆಗ್ತದ. ವಯಸ್ಸಾದ ತಾಯಂದಿರಿಗೆ ಹೆಚ್ಚು ಅಂತಾರ, ಆದ್ರ ಯಾವ ವಯಸ್ಸಿನಾಕಿಗೂ ಆಗಬಹುದು, ಈಕಿಗೇನು ಇಪ್ಪತ್ತಾರಿತ್ತು. ತಿಂದಿದ್ದರಿಂದ ಆಗೂದಲ್ಲ, ಗ್ರಹಣದಿಂದ ಆಗೂದಲ್ಲ, ಹಾಲಿನಿಂದ ಆಗೂದಲ್ಲ.’

ತಂಗೆವ್ವ ಮತ್ತೇನೋ ಅನ್ನಲು ಬಾಯಿ ತೆರೆದಳು. ನನಗೆ ತಡೆಯಲಾಗಲಿಲ್ಲ. ‘ನೀ ಶಂಕ್ರಪ್ಪನ್ನ ಹಡದಾಗ ನಿನ್ನ ಕೆಂಪ ಕಲ್ಲು ಇಪ್ಪತ್ತಮೂರಕ್ಕ ನಿಂತದ್ದು ನಿನ್ನ ಶಾಣೇತನ ಅಲ್ಲ ತಂಗೆವ್ವ, ಸುಮ್ನಿರು,’ ಅಂದೆ. ಆ ಹೊತ್ತಿನಲ್ಲಿ ಅದನ್ನು ಹೇಳಲು ನನಗೆ ಯಾವ ಅರ್ಹತೆಯೂ ಇರಲಿಲ್ಲ, ಆದರೂ ಅವಳು ಸುಮ್ಮನಾದಳು.

ಡಾಕ್ಟರು ಇಂದ್ರವ್ವನಿಗೆ ನಿಧಾನವಾಗಿ ಹೇಳಿದರು. ಇದು ಔಷಧ ಕೊಟ್ಟು ವಾಸಿ ಮಾಡುವ ರೋಗವಲ್ಲ. ಮೈಯ ಸ್ನಾಯು ಸಡಿಲ, ಅದಕ್ಕೇ ಕೂರುವುದು, ನಡೆಯುವುದು, ಉಣ್ಣುವುದು, ಮಾತಾಡುವುದು ಎಲ್ಲ ತಡ. ಕಲಿಯುವುದೂ ತಡ, ಆದರೆ ಕಲಿಯುತ್ತಾಳೆ, ಎಷ್ಟು ಎಂದು ಈಗಲೇ ಯಾರೂ ಗೆರೆ ಎಳೆಯಲಾರರು. ಕಿವಿ, ಕಣ್ಣು, ಥೈರಾಯ್ಡು ವರ್ಷಕ್ಕೊಮ್ಮೆ ನೋಡಿಸಬೇಕು. ಇಂಥ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಹೃದಯದಲ್ಲಿ ತೊಂದರೆ ಇರುತ್ತದೆ, ಹುಟ್ಟಿದ ಕೂಡಲೇ ನೋಡಬೇಕು. ‘ನಾನು ಕೊಳವೆ ಹಚ್ಚಿ ಕೇಳಿದಾಗ ಸರಿ ಇತ್ತು. ಆದರೂ ದೊಡ್ಡಾಸ್ಪತ್ರೆಯಾಗ ಒಮ್ಮೆ ತೋರಿಸೋಣ. ಕೆಟ್ಟಿದ್ದರ ಇಷ್ಟು ದಿನ ಕೂಸು ಉಳೀತಿತ್ತೋ ಇಲ್ಲೋ,’ ಅಂದರು. ನಾನು ಮುಚ್ಚಿಟ್ಟದ್ದು ಕಲ್ಲೊಂದನ್ನೇ ಅಲ್ಲ ಎಂದು ಆಗ ನನಗೆ ತಿಳಿಯಿತು. ಅಲ್ಲೇ ಕಟ್ಟೆಯ ಮೇಲೆ ಕೂತೆ.

ಮಂದಿ ಒಬ್ಬೊಬ್ಬರಾಗಿ ಹೊರಟರು. ಇನ್ನು ಮುಂದೆ ನಮ್ಮ ಮನೆಯ ಕಲ್ಲು ನಾವೇ ಎಣಿಸಿಕೊಳ್ಳುತ್ತೇವೆ ಎಂದು ಯಾರೋ ಗಟ್ಟಿಯಾಗಿ ಹೇಳುತ್ತ ಹೋದರು. ಹಾಗೇ ಆಯಿತು, ಅವತ್ತಿನಿಂದ ನನ್ನನ್ನು ಎಣಿಕೆಗೆ ಯಾರೂ ಕರೆದಿಲ್ಲ, ಕರೆಯಬಾರದು ಕೂಡ. ಫಕೀರವ್ವ ಗಂಟನ್ನು ತಮ್ಮನ ಹೆಂಡತಿಯ ಕೈಗೆ ವಾಪಸು ಕೊಟ್ಟು, ಅವಳ ಬೆನ್ನ ಮೇಲೆ ಕೈಯಾಡಿಸಿ ಹೋದಳು. ಶಂಕ್ರಪ್ಪ ಡಾಕ್ಟರ ಜೊತೆ ದೊಡ್ಡಾಸ್ಪತ್ರೆಯ ಚೀಟಿ ಬರೆಸಿಕೊಳ್ಳಲು ಹೋದ. ತಂಗೆವ್ವ ಒಳಗೆ ಹೋಗಿ ಮುಸುಕು ಹೊದ್ದು ಮಲಗಿದಳು. ಅಂಗಳದಲ್ಲಿ ಇಂದ್ರವ್ವ, ಕೂಸು, ನಾನು.

ಅವಳು ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಅವಳು ಗಂಟು ಬಿಚ್ಚಿ ಬಟ್ಟಲು ತೆಗೆದಳು. ಒಳಗೆ ಹೋಗಿ ಗಂಜಿ ತುಂಬಿಕೊಂಡು ಬಂದಳು. ಆಮೇಲೆ ನನ್ನ ಎದುರು ನಿಂತಳು.

‘ಮೂರ ವರ್ಷ, ದೊಡ್ಡವ್ವ. ಈ ಕೂಸಿನ ಮೈ ಮುಟ್ಟೂವಾಗ ಮುಂಜಾನೆ ಸಂಜಿ ನನ್ನ ಕೈಗೆ ನಾನ ಹೆದರೇನಿ. ಇವತ್ತೇನ ಕೆಡಸತೇನೋ ಅಂತ.’

ನಾನು ತಲೆ ತಗ್ಗಿಸಿದೆ.

‘ಕಲ್ಲ ಮೂರು ಸಲ ಎಣಿಸಿದಿ. ಒಳಗ ಬಂದು ಕೂಸಿನ ಮಾರಿ ಒಮ್ಮೆರ ನೋಡಿದೇನು?’

ಅವತ್ತು ನೋಡಿರಲಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ಆ ಕೂಸನ್ನು ನಾನು ಎತ್ತಿಕೊಂಡಿರಲಿಲ್ಲ. ಬಾವಿಯ ಹತ್ತಿರ ಕಂಡರೆ ಬೇರೆ ಕಡೆ ನೋಡುತ್ತಿದ್ದೆ.

‘ಹಿಡಿ,’ ಅಂದಳು. ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿದಳು, ಬಟ್ಟಲನ್ನು ಕೈಗೆ ಕೊಟ್ಟಳು. ‘ಉಣಸು. ಪೂರಾ ಬಟ್ಟಲ ಮುಗೀಬೇಕು.’

ಕೂಸು ಭಾರವಾಗಿತ್ತು, ಬೆಚ್ಚಗಿತ್ತು. ಕುತ್ತಿಗೆ ಹೊರಳಿಸಿ ನನ್ನ ಮುಖ ನೋಡಿ ನಕ್ಕಿತು. ಮೊದಲ ಚಮಚದ ಗಂಜಿ ನಾಲಗೆಯ ಜೊತೆ ಹೊರಗೆ ಬಂದು ನನ್ನ ಸೀರೆಯ ಮೇಲೆ ಬಿತ್ತು. ಎರಡನೆಯದೂ ಹಾಗೇ. ಏಳನೆಯದಕ್ಕೋ ಎಂಟನೆಯದಕ್ಕೋ ನನಗೆ ಸಿಟ್ಟು ಬಂತು, ಇಂದ್ರವ್ವ ಫಕೀರವ್ವನಿಗೆ ಹೇಳಿದ್ದು ನೆನಪಾಗಿ ನುಂಗಿಕೊಂಡೆ. ಚಮಚವನ್ನು ನಾಲಗೆಯ ಮೇಲೆ ತುಸು ಒತ್ತಿ ಹಿಡಿದೆ. ತುಟಿ ಮುಚ್ಚಿತು. ಗಂಟಲಲ್ಲಿ ಇಳಿಯಿತು. ಮತ್ತೊಂದು ಕೊಟ್ಟೆ, ಅರ್ಧ ಹೊರಗೆ, ಅರ್ಧ ಒಳಗೆ. ಬೆನ್ನು ನೋಯತೊಡಗಿತು. ಬಿಸಿಲು ಕಟ್ಟೆಯ ಅಂಚಿಗೆ ಬಂತು, ನನ್ನ ಕಾಲಿನ ಮೇಲೆ ಬಂತು. ಬಟ್ಟಲಲ್ಲಿ ಕಡಿಮೆಯಾದದ್ದೇ ಕಾಣಲಿಲ್ಲ.

ಸರಿಯಾಗಿ ಮಾಡುತ್ತಿದ್ದೇನೆಯೇ ಎಂದು ಕೇಳಲು ತಿರುಗಿದೆ. ಇಂದ್ರವ್ವ ಗೋಡೆಗೆ ಒರಗಿ, ಬಾಯಿ ತುಸು ತೆರೆದು, ಎರಡೂ ಕೈ ಅಂಗಾತ ತೊಡೆಯ ಮೇಲೆ ಬಿಟ್ಟು ನಿದ್ದೆ ಹೋಗಿದ್ದಳು. ನಾನು ಎಬ್ಬಿಸಲಿಲ್ಲ. ಬಟ್ಟಲಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಗಂಜಿ ಇತ್ತು.